ಮಗ ಅಮೆರಿಕದಲ್ಲಿ, ಹೊಲ ಸಿಂಧನೂರಿನಲ್ಲಿ

(ಮಕ್ಕಳು ಹೊರದೇಶದಲ್ಲಿರುವ ರೈತ ಕುಟುಂಬಗಳ ಮುಂದೆ ಸಿಂಧನೂರಿನಲ್ಲಿ ವಕೀಲರೊಬ್ಬರು ಆಡಿದ ಮಾತುಗಳ ಬರಹ ರೂಪ)

ಬರುವಾಗ ಪಹಣಿ ಹಿಡ್ಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೆ. ತಂದವರು ಮಡಿಕೆ ಬಿಚ್ಚಿ ಒಂದ್ಸಲ ನೋಡಿ. 9ನೇ ಕಾಲಂ ಎಲ್ಲರಿಗೂ ಗೊತ್ತು, ಮಾಲೀಕರ ಹೆಸರು ಅಲ್ಲಿರುತ್ತದೆ. 11ನೇ ಕಾಲಂ ಬ್ಯಾಂಕಿನವರಿಗೆ ಗೊತ್ತು, ಸಾಲ ಅಲ್ಲಿರುತ್ತದೆ. ನಡುವೆ 10ನೇ ಕಾಲಂ ಒಂದಿದೆ. ಅದನ್ನು ಯಾರೂ ಓದುವುದಿಲ್ಲ. ಹೊಲ ನಿಮಗೆ ಹೇಗೆ ಬಂತು ಅನ್ನೋದು ಅಲ್ಲಿ ಬರೆದಿರುತ್ತದೆ. ಕ್ರಯ, ದಾನ, ವಿಭಾಗ, ಇಲ್ಲವೇ ಪೌತಿ, ಅಂದರೆ ತೀರಿಕೊಂಡವರಿಂದ ಬಂದದ್ದು. ಒಂದೇ ಪದ, ಪಕ್ಕದಲ್ಲಿ ಒಂದು ನಂಬರು.

ಇವತ್ತು ನಾನು ಆಡುವ ಮಾತೆಲ್ಲ ಆ ಒಂದು ಪದದ ಬಗ್ಗೆ. ಮಗ ಹೊರದೇಶದಲ್ಲಿದ್ದಾನೆ, ಅವನ ಹೆಸರಿನಲ್ಲಿ ಇಲ್ಲಿ ಹೊಲ ಇರಬಹುದಾ ಅಂತ ಕೇಳಿಕೊಂಡು ದಿನಾ ಯಾರಾದರೂ ಬರುತ್ತಾರೆ. ಪ್ರಶ್ನೆಯೇ ಸ್ವಲ್ಪ ತಿರುವುಮುರುವು. ಇರಬಹುದು, ಅದರಲ್ಲಿ ಸಮಸ್ಯೆಯೇ ಇಲ್ಲ. ಹೇಗೆ ಬಂತು ಅನ್ನೋದನ್ನೇ ಕಾನೂನು ಕೇಳುವುದು.

ಮೊದಲು, ಹೊರದೇಶದವರು ಅಂದರೆ ಯಾರು? ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ನಮ್ಮ ಪಾಸ್‌ಪೋರ್ಟೇ ಇದ್ದು ವಾಸ ಮಾತ್ರ ಹೊರಗಿದ್ದರೆ ಎನ್‌ಆರ್‌ಐ. ಬೇರೆ ದೇಶದ ಪಾಸ್‌ಪೋರ್ಟ್ ತಗೊಂಡು, ಮೂಲ ಇಲ್ಲಿಯದು ಅಂತ ಕಾರ್ಡ್ ಮಾಡಿಸಿಕೊಂಡಿದ್ದರೆ ಒಸಿಐ. ಒಸಿಐ ಅಂದರೆ ಎರಡನೇ ಪೌರತ್ವ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ನಮ್ಮ ದೇಶದಲ್ಲಿ ಎರಡು ಪೌರತ್ವ ಇಲ್ಲವೇ ಇಲ್ಲ. ಅದು ವೀಸಾ ಇಲ್ಲದೆ ಬಂದುಹೋಗೋಕೆ, ಇನ್ನೂ ಕೆಲವು ಅನುಕೂಲಕ್ಕೆ ಕೊಟ್ಟ ಕಾರ್ಡು.

ಇನ್ನು ಓದೋಕೆ ಹೋದ ಮಕ್ಕಳು. "ನಮ್ಮ ಹುಡುಗ ಇನ್ನೂ ಎಂ.ಎಸ್. ಓದಾಕತ್ಯಾನ್ರಿ, ಎನ್‌ಆರ್‌ಐ ಹೆಂಗಾಗ್ತಾನ?" ಅಂತ ಒಬ್ಬರು ನನ್ನ ಮೇಲೆ ರೇಗಿದ್ದರು. ಆಗ್ತಾನೆ. ಓದಲು ಹೋದವರನ್ನೂ ಎನ್‌ಆರ್‌ಐ ಅಂತಲೇ ಎಣಿಸಬೇಕು ಅಂತ ರಿಸರ್ವ್ ಬ್ಯಾಂಕ್ 2003ರಲ್ಲೇ ಸುತ್ತೋಲೆ ಹೊರಡಿಸಿದೆ. ಅಲ್ಲಿ ಸಂಬಳ ಶುರುವಾಗುವ ತನಕ ಕಾಯುವ ಮಾತೇ ಇಲ್ಲ. ಇನ್ಕಮ್ ಟ್ಯಾಕ್ಸ್‌ನವರು ದಿನ ಎಣಿಸುವ ಲೆಕ್ಕ ಬೇರೆ, ವಿದೇಶಿ ವಿನಿಮಯ ಕಾನೂನಿನ ಲೆಕ್ಕ ಬೇರೆ. ಟ್ಯಾಕ್ಸಿಗೆ ಆ ವರ್ಷ ಇಲ್ಲಿಯವನಾಗಿದ್ದು, ಹೊಲದ ವಿಷಯಕ್ಕೆ ಹೊರಗಿನವನಾಗಿರೋದು ಸಾಧ್ಯ. ವಿಚಿತ್ರ ಅನಿಸುತ್ತೆ, ಆದರೆ ಹಾಗೇ ಇದೆ.

ಈಗ ಮುಖ್ಯ ವಿಷಯ. 2020ರಲ್ಲಿ ನಮ್ಮ ರಾಜ್ಯದ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆಯಿತು, ನೆನಪಿದೆಯಲ್ಲ? ಗಲಾಟೆ ಆಯಿತು, ಬಂದ್ ಆಯಿತು. ಅದಕ್ಕೆ ಮುಂಚೆ ರೈತ ಕುಟುಂಬದವರಲ್ಲದವರು ಇಲ್ಲಿ ಹೊಲ ಕೊಳ್ಳುವ ಹಾಗಿರಲಿಲ್ಲ. ವ್ಯವಸಾಯ ಬಿಟ್ಟು ಬೇರೆ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರೂ ಕೊಳ್ಳುವ ಹಾಗಿರಲಿಲ್ಲ. 79ಎ, 79ಬಿ ಅಂತ ವಕೀಲರ ಬಾಯಲ್ಲಿ ಕೇಳಿರುತ್ತೀರಿ. ಆ ಕಲಂಗಳನ್ನು ತೆಗೆದರು. ಮರುದಿನದಿಂದಲೇ ಜಾಹೀರಾತು ಶುರು. "ಈಗ ಯಾರು ಬೇಕಾದರೂ ಹೊಲ ಕೊಳ್ಳಬಹುದು, ಎನ್‌ಆರ್‌ಐಗಳಿಗೆ ಸುವರ್ಣಾವಕಾಶ" ಅಂತ. ಮಾವಿನ ತೋಟ ಮಾಡಿಕೊಡ್ತೀವಿ, ನಾವೇ ನೋಡ್ಕೊಳ್ತೀವಿ, ನೀವು ಅಲ್ಲಿಂದ ದುಡ್ಡು ಕಳಿಸಿ ಸಾಕು ಅಂತ.

ಕಾಲುವೆ ನೀರು ಉಣ್ಣುವ ನಿಮಗೆ ಇದನ್ನು ಬಿಡಿಸಿ ಹೇಳೋದು ಸುಲಭ. ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬಂದ ತಕ್ಷಣ ನಿಮ್ಮ ಗದ್ದೆಗೆ ನೀರು ಬಂತಾ? ಇಲ್ಲ. ಉಪಕಾಲುವೆಯ ತೂಬು ಎತ್ತಬೇಕು. ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದವರನ್ನು ಕೇಳಿ, ಮೇಲಿನ ಗೇಟು ತೆರೆದಿದ್ದರೂ ಕೆಳಗಿನ ತೂಬು ಮುಚ್ಚಿದ್ದರೆ ಏನಾಗುತ್ತೆ ಅಂತ ಅವರು ಹೇಳ್ತಾರೆ. ಹೊಲದ ಕಾನೂನಿಗೂ ಹೀಗೆ ಎರಡು ಗೇಟು. ರಾಜ್ಯದ್ದು ಒಂದು, ಕೇಂದ್ರದ್ದು ಒಂದು. 2020ರಲ್ಲಿ ತೆರೆದದ್ದು ರಾಜ್ಯದ ಗೇಟು. ಕೇಂದ್ರದ ಗೇಟಿನ ಹೆಸರು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, 1999ರದು. ಎಲ್ಲರೂ ಫೆಮಾ ಅಂತಾರೆ. ಅದರ ಅಡಿಯಲ್ಲಿ 2019ರ ಅಕ್ಟೋಬರಿನಲ್ಲಿ ಬಂದ ನಿಯಮಗಳು ಸ್ಪಷ್ಟ. ಎನ್‌ಆರ್‌ಐ, ಒಸಿಐ ಇಬ್ಬರೂ ಮನೆ, ಫ್ಲ್ಯಾಟು, ಅಂಗಡಿ, ಎನ್‌ಎ (ಕೃಷಿಯೇತರ) ಆದ ಸೈಟು ಎಷ್ಟು ಬೇಕಾದರೂ ಕೊಳ್ಳಬಹುದು. ಕೃಷಿ ಜಮೀನು, ಫಾರ್ಮ್‌ಹೌಸ್, ಕಾಫಿಯಂಥ ಪ್ಲಾಂಟೇಶನ್, ಈ ಮೂರನ್ನು ಕೊಳ್ಳುವ ಹಾಗಿಲ್ಲ.

ಆ ಗೇಟು 2020ರಲ್ಲಿ ಒಂದಿಂಚೂ ಅಲುಗಲಿಲ್ಲ. ಜಾಹೀರಾತಿನವರು ಅದನ್ನು ಹೇಳುವುದಿಲ್ಲ. ಹೇಳಿದರೆ ವ್ಯಾಪಾರ ನಡೆಯಲ್ಲ ಅಲ್ವಾ?

ಒಂದು ಎಚ್ಚರ. ಸೈಟು ಅಂತ ತೋರಿಸಿ ಹೊಲ ಮಾರುವವರಿದ್ದಾರೆ. ಕಲ್ಲು ನೆಟ್ಟು, ಮಣ್ಣಿನ ರಸ್ತೆ ಹೊಡೆದು, ಕಮಾನು ಕಟ್ಟಿದ ಮಾತ್ರಕ್ಕೆ ಹೊಲ ಸೈಟಾಗಲ್ಲ. ಭೂಪರಿವರ್ತನೆ ಆದೇಶ ಕೈಯಲ್ಲಿದ್ದರೆ ಮಾತ್ರ ಎನ್‌ಎ. ಗುಂಟೆ ಲೆಕ್ಕದಲ್ಲಿ ಮಾರಿ, ಪಹಣಿ ನಿಮ್ಮ ಹೆಸರಿಗೇ ಬರುತ್ತೆ ಅಂತ ಹೆಮ್ಮೆಯಿಂದ ಹೇಳಿದರೆ ಅದು ಹೊಲವೇ ಅಂತ ತಿಳಿಯಿರಿ.

ಸಿಕ್ಕಿಬಿದ್ದರೆ? ವ್ಯವಹಾರದ ಮೊತ್ತದ ಮೂರು ಪಟ್ಟಿನ ತನಕ ದಂಡ ಹಾಕಬಹುದು. ಲೆಕ್ಕಕ್ಕೆ ಎಕರೆಗೆ 20 ಲಕ್ಷದಂತೆ ಐದು ಎಕರೆ ಅಂತ ಇಟ್ಟುಕೊಳ್ಳಿ. ಒಂದು ಕೋಟಿಯ ಹೊಲಕ್ಕೆ ಮೂರು ಕೋಟಿಯ ತನಕ ದಂಡ. ಜಮೀನನ್ನೇ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವೂ ಕಾಯ್ದೆಯಲ್ಲಿದೆ.

ಕೊಳ್ಳುವ ಮಾತು ಇಲ್ಲಿಗೆ ಮುಗೀತು. ನಿಜ ಹೇಳಬೇಕಂದ್ರೆ ನಮ್ಮ ಕಡೆ ಹೊರಗಿನಿಂದ ಬಂದು ಹೊಲ ಕೊಳ್ಳುವ ಎನ್‌ಆರ್‌ಐಗಿಂತ, ಇದ್ದ ಹೊಲವನ್ನು ಮಗನಿಗೆ ಹೇಗೆ ದಾಟಿಸೋದು ಅಂತ ಒದ್ದಾಡುವ ಅಪ್ಪಂದಿರೇ ಜಾಸ್ತಿ. ವಲಸೆ ಬಂದವರ ಕ್ಯಾಂಪುಗಳಿಗೆ ಹೋದರೆ ಗೊತ್ತಾಗುತ್ತೆ. ಐವತ್ತರ ದಶಕದಲ್ಲಿ ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಜಾಲಿ ಕಡಿದು ಗದ್ದೆ ಮಾಡಿದವರ ಮೊಮ್ಮಕ್ಕಳು ಈಗ ಟೆಕ್ಸಾಸಿನಲ್ಲಿದ್ದಾರೆ. ಊರಿನವರ ಮಕ್ಕಳೂ ಕಡಿಮೆ ಏನಿಲ್ಲ, ದುಬೈ, ಮಸ್ಕತ್ತು ಅಂತ ಹೋಗಿದ್ದಾರೆ. ಮನೆಯಲ್ಲಿ ಇಬ್ಬರು ವಯಸ್ಸಾದವರು, ಹೊಲದಲ್ಲಿ ಲಾವಣಿ ಮಾಡುವವನು, ಅಂದರೆ ಗುತ್ತಿಗೆಗೆ ಉಳುವವನು.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ವಕೀಲಿಕೆ ಶುರುಮಾಡಿ ಏಳೆಂಟು ವರ್ಷ ಆಗಿತ್ತು. ವಯಸ್ಸಾದ ರೈತರೊಬ್ಬರು ಬಂದರು. ಹೃದಯದ ಆಪರೇಷನ್ ಇತ್ತು. ಅಷ್ಟರೊಳಗೆ ಆರು ಎಕರೆಯನ್ನು ಸಣ್ಣ ಮಗನ ಹೆಸರಿಗೆ ಮಾಡಿಬಿಡಬೇಕು ಅಂತ ಅವರ ಅವಸರ. ಮಗ ಪಕ್ಕದಲ್ಲೇ ಕೂತಿದ್ದ, ಒಳ್ಳೆ ಶರ್ಟು, ಕೈಯಲ್ಲಿ ದೊಡ್ಡ ಫೋನು. ನಾನು ದಾನಪತ್ರ ಬರೆದುಕೊಟ್ಟೆ. ನೋಂದಣಿ ಆಯಿತು, ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ) ಆಯಿತು, 10ನೇ ಕಾಲಂನಲ್ಲಿ "ದಾನ" ಅಂತ ಕೂತಿತು. ನೀನು ಎಲ್ಲಿರ್ತೀಯಪ್ಪಾ ಅಂತ ಯಾರೂ ಕೇಳಲಿಲ್ಲ. ಕಚೇರಿಯಲ್ಲೂ ಕೇಳಲಿಲ್ಲ, ಮೊದಲು ಕೇಳಬೇಕಾಗಿದ್ದ ನಾನೂ ಕೇಳಲಿಲ್ಲ. ಅವನು ಎರಡು ವಾರದ ರಜೆಗೆ ಬಂದಿದ್ದ. ಕೆಲಸ ಡಲ್ಲಾಸಿನಲ್ಲಿ.

ನಾಲ್ಕು ವರ್ಷ ಆದಮೇಲೆ ಆ ಹೊಲ ಮಾರಲು ಹೊರಟಾಗ ಕೊಳ್ಳುವವರ ಕಡೆಯ ವಕೀಲರು ಪಾಸ್‌ಪೋರ್ಟಿನ ತಾರೀಖು, ದಾನಪತ್ರದ ತಾರೀಖು ಪಕ್ಕಪಕ್ಕ ಇಟ್ಟು ನೋಡಿದರು. ಮುಗೀತು. ಎನ್‌ಆರ್‌ಐ ಮಗನಿಗೆ ಅಪ್ಪ ಫ್ಲ್ಯಾಟನ್ನು ದಾನ ಕೊಡಬಹುದು, ಹೊಲವನ್ನು ಕೊಡುವ ಹಾಗಿಲ್ಲ. ದುಡ್ಡು ಕೊಟ್ಟು ಕೊಳ್ಳೋದು ಎಷ್ಟು ತಪ್ಪೋ ಪುಕ್ಕಟೆ ತಗೊಳ್ಳೋದೂ ಅಷ್ಟೇ ತಪ್ಪು. ಕೊನೆಗೆ ಮಗ ಬಂದು ಹೊಲವನ್ನು ಅಪ್ಪನಿಗೆ ತಿರುಗಿ ಬರೆದುಕೊಟ್ಟ. ತಪ್ಪಾಗಿದೆ, ದಂಡ ಕಟ್ಟುತ್ತೇವೆ ಅಂತ ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿದೆವು. ದಂಡ ಕಟ್ಟಿದ ಮೇಲೆ ವಿಷಯ ಮುಗಿಯಿತು. ನನ್ನ ಫೀಸು ನಾನು ತಗೊಳ್ಳಲಿಲ್ಲ. ತಗೊಳ್ಳೋ ಮುಖವೂ ಇರಲಿಲ್ಲ.

ಅಪ್ಪ ಆಮೇಲೆ ಏನು ಮಾಡಿದರು ಗೊತ್ತಾ? ಉಯಿಲು ಬರೆದರು. ಅದೇ ಹೊಲ, ಅದೇ ಮಗ, ಅದೇ ಡಲ್ಲಾಸು. ಬದುಕಿದ್ದಾಗ ಕೈಯಾರೆ ಕೊಟ್ಟರೆ ತಪ್ಪು, ತೀರಿದ ಮೇಲೆ ಬಂದರೆ ಸರಿ. ಇಲ್ಲಿ ವಾಸವಿದ್ದವರಿಂದ ವಾರಸಾ ಆಗಿ ಬಂದ ಯಾವ ಆಸ್ತಿಯನ್ನಾದರೂ ಹೊರಗಿರುವವರು ಇಟ್ಟುಕೊಳ್ಳಬಹುದು ಅಂತ ಫೆಮಾದಲ್ಲೇ ಇದೆ. ಹೊಲವೂ ಅದರಲ್ಲಿ ಸೇರಿದೆ. ರಿಸರ್ವ್ ಬ್ಯಾಂಕಿನ ಅನುಮತಿ ಬೇಡ. ಎಷ್ಟು ವರ್ಷ ಬೇಕಾದರೂ ಇಟ್ಟುಕೊಳ್ಳಬಹುದು, ಬಿತ್ತಿಸಬಹುದು, ಬೆಳೆ ಮಾರಿದ ದುಡ್ಡು ತಗೋಬಹುದು.

ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿ. ತಮ್ಮ ಪಾಲಿಗೆ ಮಾತ್ರ ಉಯಿಲು ಬರೆಯಬಹುದು, ಪಿತ್ರಾರ್ಜಿತದಲ್ಲಿ ಅಣ್ಣನ ಪಾಲನ್ನೂ ಸೇರಿಸಿ ಬರೆದರೆ ಅದು ಬರೀ ಕಾಗದ.

ಪೌತಿ ಅನ್ನೋ ಪದದ ಬಗ್ಗೆ ಒಂದು ಮಾತು. ಅದು ನಮ್ಮದಲ್ಲ, "ಫೌತ್". ಸಾವು ಅಂತ ಅರ್ಥ. ನಿಜಾಮರ ಕಾಲದ ಕಂದಾಯದ ಕಾಗದಗಳಿಂದ ಇಂಥ ಪದ ಎಷ್ಟೋ ನಮ್ಮ ಬಾಯಲ್ಲಿ ಉಳಿದಿವೆ. ವಾರಸಾ, ಮುಖ್ತಾರ್, ಖುಲಾಸೆ. ನನ್ನ ಹಿರಿಯ ವಕೀಲರು ಉರ್ದು ದಾಖಲೆಯನ್ನು ಬೆರಳಿಟ್ಟು ಬಲದಿಂದ ಎಡಕ್ಕೆ ಓದಿ, ಎಡದಿಂದ ಬಲಕ್ಕೆ ಕನ್ನಡದಲ್ಲಿ ಬರೆಸುತ್ತಿದ್ದರು. ಈಗ ಅದನ್ನು ಓದುವವರು ಬೆರಳೆಣಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥ ಕಾಗದ ಇದ್ದರೆ ಇರುವಾಗಲೇ ಓದಿಸಿಟ್ಟುಕೊಳ್ಳಿ. ಅಜ್ಜನಿಂದ ಹೊಲ ಇಳಿದು ಬಂದ ದಾರಿಯನ್ನು ನಾಳೆ ತೋರಿಸಬೇಕಾಗಿ ಬಂದರೆ ಆ ಕಾಗದವೇ ಸಾಕ್ಷಿ.

ಇನ್ನೊಂದು ದಾರಿಯೂ ಸರಿಯೇ. ಇಲ್ಲಿದ್ದಾಗಲೇ ಕೊಂಡದ್ದು. ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಮಸ್ಕಿ ಹತ್ತಿರ ಐದು ಎಕರೆ ಕೊಂಡಿದ್ದ, ಮೂರು ವರ್ಷ ಆದಮೇಲೆ ಸಿಡ್ನಿಗೆ ಹೋದ ಅಂತ ಇಟ್ಟುಕೊಳ್ಳಿ. ಹೋದ ಕೂಡಲೇ ಮಾರಬೇಕು ಅಂತ ಯಾರೋ ಹೆದರಿಸುತ್ತಾರೆ. ಬೇಕಿಲ್ಲ. ಆ ಐದು ಎಕರೆ ಅವನದೇ. ಆರನೇ ಎಕರೆ ಮಾತ್ರ ಸಿಡ್ನಿಯಿಂದ ಕೊಳ್ಳುವ ಹಾಗಿಲ್ಲ.

ಈಗ ಎಲ್ಲರ ಮನಸ್ಸಿನಲ್ಲೂ ಇರುವ ಉಪಾಯಕ್ಕೆ ಬರೋಣ. ಮಗ ದುಡ್ಡು ಕಳಿಸ್ತಾನೆ, ಅಪ್ಪನ ಹೆಸರಿಗೆ ಹೊಲ. ತಪ್ಪಾ? ಮಗ ಅಪ್ಪನಿಗೆ ದುಡ್ಡು ಕೊಡೋದು ತಪ್ಪಲ್ಲ. ಅಪ್ಪ ಆ ದುಡ್ಡಿನಲ್ಲಿ ತನಗಾಗಿ ಹೊಲ ಕೊಳ್ಳೋದೂ ತಪ್ಪಲ್ಲ. ಆದರೆ ಆ ಹೊಲ ಅಪ್ಪನದು. ಬಾಯಿಮಾತಿಗೆ ಅಲ್ಲ, ನಿಜವಾಗಿ ಅಪ್ಪನದು. ಇದನ್ನು ಯಾರೂ ಮನಸ್ಸಿಗೆ ಹಾಕಿಕೊಳ್ಳುವುದಿಲ್ಲ.

ಒಂದು ಮನೆಯ ಕತೆ ಹೇಳ್ತೀನಿ, ಊರು ಬೇಡ. ಹುಡುಗ ಎಂಟು ವರ್ಷ ಕೊಲ್ಲಿ ದೇಶದಲ್ಲಿ ದುಡಿದ. ಬಿಸಿಲಲ್ಲಿ ಕಟ್ಟಡದ ಕೆಲಸ. ತಿಂಗಳು ತಿಂಗಳು ಕಳಿಸಿದ ದುಡ್ಡು ಕೂಡಿಟ್ಟು ಅಪ್ಪ ನಾಲ್ಕು ಎಕರೆ ಕೊಂಡರು, ತಮ್ಮ ಹೆಸರಿಗೆ. ಉಯಿಲು ಇಲ್ಲ. ಒಂದು ದಿನ ತೀರಿಕೊಂಡರು. ಮನೆಯಲ್ಲಿ ಅವ್ವ, ಇವನು, ಇಬ್ಬರು ತಂಗಿಯರು. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಾಲ್ವರಿಗೂ ಸಮಪಾಲು. ತಲೆಗೆ ಒಂದು ಎಕರೆ. ಹುಡುಗ ಬ್ಯಾಂಕಿನ ಚೀಟಿಗಳ ಕಟ್ಟನ್ನೇ ತಂದು ನನ್ನ ಮೇಜಿನ ಮೇಲೆ ಸುರಿದ. ರಬ್ಬರ್ ಬ್ಯಾಂಡು ಹಾಕಿ, ವರ್ಷದ ಪ್ರಕಾರ ಜೋಡಿಸಿ ಇಟ್ಟಿದ್ದ. "ಪೂರಾ ನನ್ನ ರೊಕ್ಕ ಐತ್ರಿ" ಅಂದ. ಸುಳ್ಳಲ್ಲ, ಪೂರಾ ಅವನದೇ ದುಡ್ಡು.

ನಾನು ಏನು ಹೇಳಬೇಕು? ದುಡ್ಡು ಅಪ್ಪನಿಗೆ ಕೊಟ್ಟೆ ಅಂದರೆ ಹೊಲ ಅಪ್ಪನದು, ನಾಲ್ಕು ಪಾಲು. ಇಲ್ಲ, ಹೊಲ ನನ್ನದೇ, ಅಪ್ಪನ ಹೆಸರು ಬರೀ ಹೆಸರಿಗೆ ಅಂದರೆ ಅದಕ್ಕೆ ಬೇನಾಮಿ ಅಂತಾರೆ. 1988ರ ಕಾಯ್ದೆಗೆ 2016ರಲ್ಲಿ ಹಲ್ಲು ಬಂದಿದೆ. ಒಂದರಿಂದ ಏಳು ವರ್ಷದ ತನಕ ಜೈಲು, ಆಸ್ತಿಯ ಮಾರುಕಟ್ಟೆ ಬೆಲೆಯ ಕಾಲು ಭಾಗದ ತನಕ ದಂಡ. ಅದರ ಮೇಲೆ ಎನ್‌ಆರ್‌ಐ ಹೊಲ ಕೊಂಡ ತಪ್ಪು ಬೇರೆ. ಅತ್ತ ದರಿ, ಇತ್ತ ಪುಲಿ.

ತಂಗಿಯರು ಒಳ್ಳೆಯವರು. "ಅಣ್ಣನ ಬೆವರಿನ ಹೊಲ, ನಮಗ ಬ್ಯಾಡ, ಬರಕೊಡ್ತೀವಿ" ಅಂದರು. ಇಲ್ಲೂ ಒಂದು ಕೊಕ್ಕೆ ಇದೆ ನೋಡಿ. ಇಲ್ಲಿರುವ ತಂಗಿ, ಹೊರಗಿರುವ ಅಣ್ಣನಿಗೆ ತನ್ನ ಪಾಲಿನ ಹಕ್ಕು ಖುಲಾಸೆ, ಅಂದರೆ ಹಕ್ಕು ಬಿಟ್ಟುಕೊಡುವ ಪತ್ರ, ಬರೆದುಕೊಟ್ಟರೆ, ಅದು ಹೊಲವನ್ನು ಸುಮ್ನೆ ಕೊಟ್ಟ ಹಾಗೆಯೇ. ಮತ್ತೆ ದಾನದ ಹಾದಿಗೇ ಬಂದು ನಿಲ್ಲುತ್ತೆ. ಹಾಗಾಗಿ ತಂಗಿಯರು ತಮ್ಮ ಪಾಲನ್ನು ಅವ್ವನಿಗೆ ಬರೆದುಕೊಟ್ಟರು. ಅವ್ವ ಊರಲ್ಲೇ ಇರುವವರು, ತೊಂದರೆ ಇಲ್ಲ. ಅವ್ವನ ಹತ್ತಿರ ಮೂರು ಎಕರೆ ಆಯಿತು. ಅವ್ವ ಮೂರಕ್ಕೂ ಮಗನ ಹೆಸರಿಗೆ ಉಯಿಲು ಬರೆದರು. ಮಗನಿಗೆ ಅಪ್ಪನಿಂದ ಬಂದ ಒಂದು ಎಕರೆ ಪೌತಿ ಅಂತ ಪಹಣಿಗೆ ಹತ್ತಿತು. ಆ ಅಪ್ಪ ಹೊಲ ಕೊಂಡ ದಿನವೇ ಒಂದು ಉಯಿಲು ಬರೆದಿಟ್ಟಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ತಿರುಗಿ ನೋಡಿದರೆ, ಹೊರಗಿರುವ ಅಣ್ಣ ಊರಲ್ಲಿರುವ ತಂಗಿಗೆ ಖುಲಾಸೆ ಬರೆದುಕೊಡಬಹುದು, ಮಾರಬಹುದು. ಹೊಲ ಹೊರಗಿನವರ ಕೈಯಿಂದ ಒಳಗಿನವರ ಕೈಗೆ ಬರೋದಕ್ಕೆ ಅಡ್ಡಿ ಇಲ್ಲ. ಅಣ್ಣ ತಮ್ಮ ಇಬ್ಬರೂ ಹೊರಗೇ ಇದ್ದರೆ ಮಾತ್ರ ಕಷ್ಟ. ಒಬ್ಬ ನ್ಯೂಜೆರ್ಸಿ, ಒಬ್ಬ ಟೊರಾಂಟೊ. ಇಬ್ಬರಿಗೂ ವಾರಸಾದಿಂದ ಬಂದ ಹೊಲ ಇಬ್ಬರೂ ಇಟ್ಟುಕೊಳ್ಳಬಹುದು. ಒಬ್ಬನ ಪಾಲನ್ನು ಇನ್ನೊಬ್ಬ ಕೊಳ್ಳುವ ಹಾಗಿಲ್ಲ. ಮಾರಿದರೆ ಊರಲ್ಲಿರುವವರಿಗೇ ಮಾರಬೇಕು.

ಈಗ ನೋಡಿಕೊಳ್ಳುವ ವಿಷಯ. ದೂರದಲ್ಲಿದ್ದವರು ಯಾರಿಗಾದರೂ ಮುಖ್ತಾರ್ ಪತ್ರ ಕೊಡ್ತಾರೆ, ಜಿಪಿಎ ಅಂತೀವಲ್ಲ ಅದು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಸಹಿ ಮಾಡಿ ಕಳಿಸೋದು ಒಳ್ಳೇದು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು. ಕಪಾಟಿನಲ್ಲಿಟ್ಟು ಎರಡು ವರ್ಷ ಆದಮೇಲೆ ತೆಗೆಯುವವರೇ ಜಾಸ್ತಿ. ಕೊಟ್ಟವರು ತೀರಿಕೊಂಡರೆ ಆ ಪತ್ರವೂ ಅವತ್ತೇ ತೀರಿತು. ಮಾರುವ ಅಧಿಕಾರ ಬೇಕಿಲ್ಲದಿದ್ದರೆ ಅದನ್ನು ಬರೆಯಲೇಬೇಡಿ. ನೀರು, ಬೆಳೆ, ಕಂದಾಯ, ಕಚೇರಿ ಓಡಾಟ ಇಷ್ಟಕ್ಕೆ ಸೀಮಿತ ಮಾಡಿ. ಸ್ವಂತ ಚಿಕ್ಕಪ್ಪನೇ ಆಗಿರಲಿ. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಕಾಗದ ಹಾಗಿರಬೇಕು ಅಷ್ಟೆ.

ಲಾವಣಿ ಬಗ್ಗೆ ಮಾತಾಡಿದರೆ ಕೆಲವರಿಗೆ ಇರುಸುಮುರುಸು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಲಾವಣಿ ಇಲ್ಲದ ಊರು ತೋರಿಸಿ ನೋಡೋಣ. ಆದರೆ 1974ರ ದೊಡ್ಡ ಭೂಸುಧಾರಣೆ ಆದಾಗಿಂದ ನಮ್ಮ ರಾಜ್ಯದಲ್ಲಿ ಕೃಷಿ ಜಮೀನು ಗುತ್ತಿಗೆ ಕೊಡೋದಕ್ಕೇ ನಿಷೇಧ ಇದೆ, ಸೈನಿಕರಂಥ ಕೆಲವರನ್ನು ಬಿಟ್ಟು. ಹಾಗಾಗಿ ಎಲ್ಲವೂ ಬಾಯಿಮಾತು. ಎಕರೆಗೆ ಇಷ್ಟು ಚೀಲ ಅಂತ ಮಾತು, ಸುಗ್ಗಿ ಬಂದಾಗ ಫೋನು ಎತ್ತಲ್ಲ. ಡಲ್ಲಾಸಿನಿಂದ ಏನು ಮಾಡ್ತೀರಿ? ಕಾಗದ ಇಲ್ಲ, ಕೋರ್ಟಿಗೂ ಹೋಗೋಕಾಗಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಈ ನಿಷೇಧ ಇವತ್ತಿನ ಹಳ್ಳಿಗೆ ಹೊಂದುವುದಿಲ್ಲ. ಹೊಲದವನಿಗೂ ಭದ್ರತೆ ಇಲ್ಲ. ಬಿಸಿಲಲ್ಲಿ ಬೇಯುವ ಲಾವಣಿದಾರನಿಗೂ ಇಲ್ಲ. ಅವನ ಹೆಸರು ಪಹಣಿಯಲ್ಲಿ ಇಲ್ಲದ್ದರಿಂದ ಬೆಳೆ ಸಾಲಕ್ಕೂ, ಬೆಳೆ ನಷ್ಟದ ಪರಿಹಾರಕ್ಕೂ ಅವನು ಪರದಾಡಬೇಕು. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ನೀರು ಹರಿದುಹೋದಾಗ ಊರಿನಲ್ಲಿ ರಾತ್ರಿ ನಿದ್ದೆ ಕೆಟ್ಟವನು ಲಾವಣಿದಾರ. ಪಹಣಿಯಲ್ಲಿ ಹೆಸರಿದ್ದವರು ಹೊರದೇಶದಿಂದ ವೀಡಿಯೊ ನೋಡುತ್ತಿದ್ದರು. ಇದು ಬೇರೆ ದಿನದ ಮಾತು, ಬಿಡಿ.

ಸರ್ಕಾರ ಕೊಟ್ಟ ಜಮೀನು ಇದ್ದವರಿಗೆ ಒಂದು ಮಾತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ, 1978ರ ಪಿಟಿಸಿಎಲ್ ಕಾಯ್ದೆ ಇದೆ. 2023ರ ತಿದ್ದುಪಡಿಯಲ್ಲಿ ತಿರುಗಿ ಕೇಳೋದಕ್ಕೆ ಕಾಲಮಿತಿ ಇಲ್ಲ ಅಂತ ಬರೆದಿದ್ದಾರೆ. ಹೊರಗಿರುವ ಮಗ ಮಾರಲು ಹೊರಟರೂ ಅದೇ ನಿಯಮ.

ಮಾರಿದರೆ ಟ್ಯಾಕ್ಸ್ ಎಷ್ಟು? ಹಳ್ಳಿಯ ಹೊಲವಾದರೆ ಮಾರಿದ ಲಾಭಕ್ಕೆ ಇನ್ಕಮ್ ಟ್ಯಾಕ್ಸ್ ಇಲ್ಲ. ಎನ್‌ಆರ್‌ಐ ಆದರೂ ಇಲ್ಲ. ಆದರೆ ಹಳ್ಳಿ ಯಾವುದು ಅಂತ ನಾವು ನೀವು ತೀರ್ಮಾನ ಮಾಡುವುದಲ್ಲ. ಹತ್ತಿರದ ಪಟ್ಟಣದ ಜನಸಂಖ್ಯೆ ಹತ್ತು ಸಾವಿರ ದಾಟಿ ಒಂದು ಲಕ್ಷದೊಳಗಿದ್ದರೆ ಅದರ ಗಡಿಯಿಂದ 2 ಕಿಲೋಮೀಟರ್ ತನಕ ಪಟ್ಟಣದ ಹೊಲ. ಒಂದು ಲಕ್ಷದಿಂದ ಹತ್ತು ಲಕ್ಷದ ತನಕ ಇದ್ದರೆ 6 ಕಿಲೋಮೀಟರ್. ಅದಕ್ಕೂ ಮೇಲಾದರೆ 8. ಅಳೆಯೋದು ರಸ್ತೆಯ ಮೇಲಲ್ಲ, ಆಕಾಶದಲ್ಲಿ ನೇರ ಗೆರೆ ಎಳೆದ ಹಾಗೆ. 2011ರ ಜನಗಣತಿಯಲ್ಲಿ ಸಿಂಧನೂರು ಒಂದು ಲಕ್ಷ ಮುಟ್ಟಿಲ್ಲ, ಗಂಗಾವತಿ ದಾಟಿದೆ. ಹಾಗಾಗಿ ಸಿಂಧನೂರಿನ ಗಡಿಯಿಂದ ಮೂರು ಕಿಲೋಮೀಟರ್ ಆಚೆಯ ಗದ್ದೆ ಹಳ್ಳಿಯದು, ಗಂಗಾವತಿಯಿಂದ ಅಷ್ಟೇ ದೂರದ ಗದ್ದೆ ಪಟ್ಟಣದ್ದು. ಭತ್ತ ಎರಡರಲ್ಲೂ ಅದೇ ಸೋನಾ ಮಸೂರಿ. ಪಟ್ಟಣದ ಹೊಲ ಎನ್‌ಆರ್‌ಐ ಮಾರಿದರೆ, ಕೊಳ್ಳುವವರೇ ಟ್ಯಾಕ್ಸ್ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಕಟ್ಟದಿದ್ದರೆ ನೋಟಿಸ್ ಬರೋದು ಕೊಂಡವರಿಗೆ.

ದುಡ್ಡು ಎನ್‌ಆರ್‌ಒ ಖಾತೆಗೆ, ಅಂದರೆ ಹೊರಗಿರುವವರು ಇಲ್ಲಿನ ದುಡ್ಡಿಗೆ ಇಟ್ಟುಕೊಳ್ಳುವ ಬ್ಯಾಂಕ್ ಖಾತೆಗೆ, ಹಾಕಬೇಕು. ಅಲ್ಲಿಂದ ಹೊರಗೆ ಕಳಿಸೋದು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ತನಕ ಆಗುತ್ತೆ, ಸಿಎ ಪ್ರಮಾಣಪತ್ರ ಕೇಳ್ತಾರೆ. ನಮ್ಮ ಹೊಲದ ಲೆಕ್ಕಕ್ಕೆ ಆ ಮಿತಿ ಧಾರಾಳ ಆಯಿತು.

ವಾಪಸ್ ಬಂದು ಊರಲ್ಲೇ ನೆಲೆಸ್ತೀನಿ ಅನ್ನೋ ಮಕ್ಕಳೂ ಇದ್ದಾರೆ. ನಮ್ಮ ಪಾಸ್‌ಪೋರ್ಟೇ ಇದ್ದರೆ, ಬಂದು ನೆಲೆಸಿದ ಮೇಲೆ ಅವರೂ ಎಲ್ಲರ ಹಾಗೆ ಹೊಲ ಕೊಳ್ಳಬಹುದು. ರಜೆಗೆ ಬಂದಾಗ ಅಲ್ಲ. ಬಂದು ಒಂದು ಪೂರ್ತಿ ಹಣಕಾಸು ವರ್ಷ ಕಳೆಯಲಿ, ಆಮೇಲೆ ಕೊಳ್ಳಲಿ ಅಂತ ನಾನು ಹೇಳ್ತೀನಿ. ಯಾರೂ ಬೆರಳು ತೋರಿಸೋ ಹಾಗಿರಲ್ಲ.

ಪಹಣಿಗೆ ಆಧಾರ್ ಜೋಡಿಸಿ ಅಂತ ಗ್ರಾಮ ಆಡಳಿತಾಧಿಕಾರಿಗಳು ಮನೆಮನೆಗೆ ಬಂದಿದ್ದರು ನೋಡಿ. ನಮ್ಮ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐ ಮಕ್ಕಳು ರಜೆಗೆ ಬಂದಾಗಲೇ ಆಧಾರ್ ಮಾಡಿಸಬಹುದು. ಒಸಿಐ ಆದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆ ಇಲ್ಲಿ ಸೇರಿಸ್ತೀನಿ. ಮಧ್ಯವಯಸ್ಸಿನವರೊಬ್ಬರು ಎದ್ದು ಕೇಳಿದರು: "ತಂಗಿ ಕೆನಡಾ ಪಾಸ್‌ಪೋರ್ಟ್ ತಗೊಂಡಾಳ್ರಿ. ಆಕಿ ಪಾಲು ಹೋತಲ್ಲ?" ಕೇಳಿದ ರೀತಿಯಲ್ಲೇ ಉತ್ತರ ಏನು ಬರಬೇಕು ಅಂತ ಅವರ ಆಸೆ ಗೊತ್ತಾಗುತ್ತಿತ್ತು. ಹೋಗಿಲ್ಲ ಅಣ್ಣಾ. ಪಾಸ್‌ಪೋರ್ಟ್ ಬದಲಾದರೆ ಅಪ್ಪ ಬದಲಾಗಲ್ಲ. 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲೂ ಮಗಳು ಮಗನಷ್ಟೇ ಹಕ್ಕುದಾರಳು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿದೆ. ವಂಶಾವಳಿ ಬರೆಸುವಾಗ ಆಕೆಯ ಹೆಸರು ಬಿಟ್ಟರೆ, ಅದು ಸುಳ್ಳು ದಾಖಲೆ. ಮುಂದೆ ಹತ್ತು ವರ್ಷ ಆದಮೇಲೂ ಆಕೆ ಬಂದು ತೆಗೆಸಬಹುದು. ಆಕೆ ಬೇಡ ಅಂದರೆ ನಿಮಗೆ ಖುಲಾಸೆ ಬರೆದುಕೊಡಲಿ, ನೀವು ಇಲ್ಲೇ ಇರೋದರಿಂದ ಅಡ್ಡಿ ಇಲ್ಲ. ಆದರೆ ಬೇಡ ಅನ್ನೋದನ್ನು ಆಕೆಯೇ ಹೇಳಬೇಕು.

ಎರಡನೆಯದು, ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವ ಒಬ್ಬರದು. ಮಗಳು ಜರ್ಮನಿಯಲ್ಲಿದ್ದಾಳೆ, ಒಬ್ಬಳೇ. "ನಾ ಹೋದ ಮ್ಯಾಲ ಹೊಲ ಸರ್ಕಾರಕ್ಕ ಹೋಗ್ತದೇನ್ರಿ?" ಅಂದರು. ಇಲ್ಲವ್ವಾ, ಮಗಳಿಗೇ ಹೋಗುತ್ತೆ ಅಂತ ಹೇಳಿ ಅವರ ಕೈಲಿದ್ದ ಪಹಣಿ ಇಸಿದುಕೊಂಡೆ. ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದರು, ಮಡಿಕೆಯಲ್ಲಿ ಹರಿದಿತ್ತು. 9ನೇ ಕಾಲಂನಲ್ಲಿ ಅವರ ಹೆಸರಿಲ್ಲ. ಇದು ಯಾರು ಅಂತ ಕೇಳಿದರೆ ಬಾಯಿ ಬಿಟ್ಟು ಹೆಸರು ಹೇಳಲಿಲ್ಲ, "ನಮ್ಮ ಯಜಮಾನ್ರು" ಅಂದರು. ಅವರು ತೀರಿ ಹನ್ನೊಂದು ವರ್ಷ ಆಗಿದೆ. ಪೌತಿ ಮಾಡಿಸಿಲ್ಲ. ಕಂದಾಯ ಮಾತ್ರ ವರ್ಷ ವರ್ಷ ತಪ್ಪದೆ ಕಟ್ಟಿದ್ದಾರೆ, ರಸೀದಿ ಎಲ್ಲ ಇವೆಯಂತೆ.

ಮಗಳದ್ದು ಆಮೇಲೆ ನೋಡೋಣ, ಮೊದಲು ನಿಮ್ಮದು ಮಾಡಿಸೋಣ ಅಂದೆ. ಯಜಮಾನರ ಮರಣ ಪ್ರಮಾಣಪತ್ರ, ವಂಶಾವಳಿ, ನಿಮ್ಮ ಆಧಾರ್, ಮಗಳ ಪಾಸ್‌ಪೋರ್ಟಿನ ನಕಲು. ಸೋಮವಾರ ನಾಡಕಚೇರಿ ಹತ್ತಿರ ಬನ್ನಿ, ಹನ್ನೊಂದು ಗಂಟೆಗೆ ನಾನು ಅಲ್ಲಿರ್ತೀನಿ.